ನೀರು ಕೇಳುವ ಪಾಠ

ಹೊಸಂಗಡಿ
6 ಜನವರಿ 2025

ಮೋಹಿನಿ ಅಕ್ಕನಿಗೆ ದೀಪ್ತಿಯ ನಮಸ್ಕಾರಗಳು.

ನಿಮ್ಮ ಗಂಟಲಿನ ಆಪರೇಷನ್ ಆಗಿ ವರ್ಷವಾಯಿತು. ಒಮ್ಮೆಯೂ ಬಂದು ನೋಡದವಳು ಈಗ ಕೆಲಸ ಬಿದ್ದಾಗ ಕಾಗದ ಬರೆಯುತ್ತಿದ್ದಾಳೆ ಎಂದು ನೀವು ಬೈಯಬಹುದು. ಬೈಯಿರಿ. ಕಾಸರಗೋಡಿನ ಸೀರೆ ಅಂಗಡಿಯಲ್ಲಿ ನಿಮ್ಮ ಪಕ್ಕದ ಕೌಂಟರಿನಲ್ಲಿ ನಿಂತು ಆರು ವರ್ಷ ಬೈಸಿಕೊಂಡವಳು ನಾನು, ಅಭ್ಯಾಸವಿದೆ.

ಈಗ ನಾನು ಹೊಸಂಗಡಿಯ ಒಂದು ಸಣ್ಣ ಅಂಗಡಿಯ ಮ್ಯಾನೇಜರ್. ನೀರು ಶುದ್ಧ ಮಾಡುವ ಯಂತ್ರ ಮಾರುತ್ತೇವೆ. ಹೆಚ್ಚಿನ ವ್ಯಾಪಾರ ಮನೆಮನೆಗೆ ಹೋಗಿಯೇ ಆಗಬೇಕು. ಐದು ಹುಡುಗಿಯರಿದ್ದಾರೆ, ಒಬ್ಬಳಿಗೂ ಮಾರಲು ಬರುವುದಿಲ್ಲ. ಗೇಟಿನ ಹತ್ತಿರ ನಿಂತು ಶಾಲೆಯಲ್ಲಿ ಪದ್ಯ ಒಪ್ಪಿಸಿದ ಹಾಗೆ ಒಪ್ಪಿಸಿ ವಾಪಸು ಬರುತ್ತಾರೆ. ಯಜಮಾನರಾದ ಕೃಷ್ಣಕುಮಾರರು ಏಪ್ರಿಲ್ ನಡುವಿನ ಬಿಸು ಹಬ್ಬದವರೆಗೆ ನೋಡುತ್ತಾರಂತೆ. ಅಷ್ಟರೊಳಗೆ ವ್ಯಾಪಾರ ಏಳದಿದ್ದರೆ ಶಟರ್ ಎಳೆಯುವುದು, ನಾವು ಆರೂ ಜನ ಮನೆಗೆ ಹೋಗುವುದು.

ಮಂಗಳೂರಿನ ಒಬ್ಬರು ಟ್ರೈನರನ್ನು ವಿಚಾರಿಸಿದೆ. ಎರಡು ದಿನದ ತರಬೇತಿಗೆ ಅವರು ಕೇಳಿದ್ದು ಈ ಐವರ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು. ಮೇಲೆ ಎಸಿ ಹಾಲ್ ಬೇಕಂತೆ. ನಮ್ಮ ಅಂಗಡಿಯಲ್ಲಿ ಫ್ಯಾನ್ ಸಹ ಒಂದೇ. ಆಗ ನಿಮ್ಮ ನೆನಪಾಯಿತು. ಒಂದು ಸೀರೆ ನೋಡಲು ಬಂದವರ ಕೈಯಲ್ಲಿ ಮೂರು ಸೀರೆ ಕೊಟ್ಟು ಕಳಿಸುತ್ತಿದ್ದವರು ನೀವು. ಮಾತು ಇಲ್ಲವಾದರೂ ಒಂದು ದಿನ ಬಂದು ಹುಡುಗಿಯರ ಎದುರು ನಿಂತರೆ ಸಾಕು, ನೋಡಿಯಾದರೂ ಕಲಿತಾರು.

ನಿಮ್ಮ
ದೀಪ್ತಿ


ಅಗಲ್ಪಾಡಿ
10 ಜನವರಿ 2025

ದೀಪ್ತಿ,

ನಿನ್ನನ್ನು ಬೈಯಲು ನನಗೆ ಗಂಟಲು ಬೇಡ, ಕೈ ಸಾಕು. ಒಂದು ವರ್ಷ ಎಲ್ಲಿಗೆ ಹೋಗಿದ್ದೆ?

ನಾನು ಬರುವುದಿಲ್ಲ. ಕುತ್ತಿಗೆಯ ತೂತಿಗೆ ಸೆರಗು ಸುತ್ತಿಕೊಂಡು, ಬಸ್ಸುಗಳನ್ನು ಬದಲಿಸಿ ಹೊಸಂಗಡಿಗೆ ಬಂದು, ಹುಡುಗಿಯರ ಎದುರು ಬೊಂಬೆಯ ಹಾಗೆ ನಿಲ್ಲಲು ನನಗೆ ಮರ್ಯಾದೆ ಇಲ್ಲವೇ? ಬರೆಯುತ್ತೇನೆ. ವಾರಕ್ಕೆ ಒಂದು ಕಾಗದ. ಶನಿವಾರ ಅಂಗಡಿ ತೆರೆಯುವ ಮೊದಲು ಒಬ್ಬಳು ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಬೇಕು. ಫೋನಿನಲ್ಲಿ ಕಳಿಸಿ ಎನ್ನಬೇಡ. ಫೋನಿನಲ್ಲಿ ಬಂದದ್ದನ್ನು ಈಗಿನ ಮಕ್ಕಳು ಹೆಬ್ಬೆರಳಲ್ಲಿ ಓದುತ್ತಾರೆ, ಅದು ತಲೆಯ ತನಕ ಹೋಗುವುದಿಲ್ಲ. ನನ್ನ ಫೀಸು ಅಂಚೆ ಚೀಟಿ, ಲಕೋಟೆ, ತಿಂಗಳಿಗೆ ಅರ್ಧ ಕಿಲೋ ಕಾಫಿಪುಡಿ. ಚಿಕೋರಿ ಬೆರೆಸಿದ್ದು ಕಳಿಸಿದರೆ ನಾನೂ ಪಾಠದಲ್ಲಿ ಚಿಕೋರಿ ಬೆರೆಸುತ್ತೇನೆ.

ಮೊದಲ ಪಾಠ ಇಲ್ಲೇ ಬರೆದಿದ್ದೇನೆ, ಓದಿಸು.

ಗೇಟಿನಲ್ಲಿ ನಿಂತು ಯಂತ್ರದ ಹೆಸರು ಎತ್ತಬೇಡಿ. ಕುಡಿಯಲು ನೀರು ಕೇಳಿ. ಬಿಸಿಲಲ್ಲಿ ಬಂದವರಿಗೆ ನೀರಿಲ್ಲ ಎನ್ನುವ ಮನೆ ನಮ್ಮ ಕಡೆ ಇಲ್ಲ. ನೀರಿನ ಜೊತೆ ಒಂದು ತುಂಡು ಬೆಲ್ಲವೂ ಬರುತ್ತದೆ. ಬೆಲ್ಲ ಬಾಯಿಗೆ ಹಾಕಿದ ಮೇಲೆ ನೀವು ಮಾರಲು ಬಂದವಳಲ್ಲ, ಮನೆಗೆ ಬಂದವಳು. ಮನೆಗೆ ಬಂದವಳನ್ನು ಹೋಗು ಎನ್ನಲು ನಮ್ಮವರಿಗೆ ನಾಲಿಗೆ ಏಳುವುದಿಲ್ಲ. ಒಂದು ಗುಟುಕು ಬಾಯಲ್ಲಿಟ್ಟು ನಿಧಾನ ನುಂಗಿ. ನೀರು ಹೇಗಿದೆ ಎಂದು ಅವರೇ ಕೇಳುತ್ತಾರೆ. ನಿಮ್ಮ ಕೆಲಸ ಅಲ್ಲಿಂದ ಶುರು.

ಇನ್ನೊಂದು. ನಮ್ಮ ತುಳುವರು ಬೇಡ ಎಂದು ಬಾಯಿಬಿಟ್ಟು ಹೇಳುವುದಿಲ್ಲ. "ತೂಕ" ಎನ್ನುತ್ತಾರೆ, ನೋಡೋಣ ಎಂದು. ಅದು ಬೇಡವೇ. ಆದರೆ ಹೇಳಿದವರಿಗೆ ಅದು ಇನ್ನೂ ಗೊತ್ತಾಗಿರುವುದಿಲ್ಲ. ಗೊತ್ತಾಗುವುದರೊಳಗೆ ಕುರ್ಚಿಯಲ್ಲಿ ಕೂತುಬಿಡಿ.

ಪ್ರತಿಯೊಬ್ಬಳೂ ತಾನು ಹೋದ ಒಂದು ಮನೆಯ ಬಗ್ಗೆ ನನಗೆ ಬರೆಯಬೇಕು. ಸುಳ್ಳು ಬರೆದರೆ ತಿಳಿಯುತ್ತದೆ.

ಮೋಹಿನಿ


ಮಂಜೇಶ್ವರ
27 ಜನವರಿ 2025

ಪೂಜ್ಯ ಟೀಚರಿಗೆ ನಮಸ್ಕಾರಗಳು.

ನನ್ನ ಹೆಸರು ತೃಷಾ. ಶನಿವಾರ ನಿಮ್ಮ ಕಾಗದ ಓದುವುದು ನಾನೇ. ಐವರಲ್ಲಿ ಕನ್ನಡ ಮೀಡಿಯಂನಲ್ಲಿ ಕಲಿತದ್ದು ನಾನೊಬ್ಬಳು. ಉಳಿದವರದು ಮಲಯಾಳ. ಅವರಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಅಕ್ಷರ ಬಾರದು. ದೀಪ್ತಿ ಮೇಡಂ ಓದಿದರೆ ಬ್ಯಾಂಕಿನ ನೋಟಿಸಿನ ಹಾಗೆ ಕೇಳುತ್ತದೆ ಎಂದು ಎಲ್ಲರೂ ನನ್ನ ಕೈಗೇ ಕೊಡುತ್ತಾರೆ.

ನೀರು ಕೇಳುವ ಪಾಠವನ್ನು ಮೊದಲ ದಿನವೇ ಮಾಡಿ ನೋಡಿದೆ. ಮೀಯಪದವಿನಲ್ಲಿ ಒಂದು ಮನೆ. ಅಜ್ಜ ನೀರು ಬೆಲ್ಲ ಕೊಟ್ಟು ನೀವು ಹೇಳಿದ ಹಾಗೆಯೇ ಕೇಳಿದರು, ನೀರು ಹೇಗುಂಟು ಎಂದು. ನಾನು ಹೆದರಿ, ತುಂಬ ಸಿಹಿ ಉಂಟು ಎಂದುಬಿಟ್ಟೆ. ಹಾಗಾದರೆ ನಿನ್ನ ಯಂತ್ರ ಎಂತಕ್ಕೆ ಎಂದರು. ಎದ್ದು ಬಂದೆ. ಆದರೆ ಆ ವಾರ ಎರಡು ಯಂತ್ರ ಹೋಯಿತು. ಅಂಗಡಿಯಲ್ಲಿ ಒಂದು ವಾರಕ್ಕೆ ಎರಡು ಹೋದದ್ದು ಇದೇ ಮೊದಲಂತೆ.

ನನ್ನ ಅಮ್ಮ ಬೀಡಿ ಕಟ್ಟುತ್ತಾರೆ. ಬಿ.ಕಾಂ. ಮುಗಿಯುವವರೆಗೆ ನಾನೂ ಕಟ್ಟಿದ್ದೇನೆ. ಅಂಗಡಿ ಮುಚ್ಚಿದರೆ ಮತ್ತೆ ಆ ಬೀಡಿ ಎಲೆಯ ಮೊರದ ಎದುರು ಕೂರಬೇಕು. ಅದೊಂದು ಆಗಬಾರದು. ನೀವು ಏನು ಹೇಳಿದರೂ ಮಾಡುತ್ತೇನೆ ಟೀಚರ್.

ನಿಮ್ಮ ವಿದ್ಯಾರ್ಥಿನಿ
ತೃಷಾ


ಅಗಲ್ಪಾಡಿ
3 ಫೆಬ್ರವರಿ 2025

ಪ್ರೀತಿಯ ತೃಷಾ,

ಏಳನೇ ಕ್ಲಾಸಿನಲ್ಲಿ ಫೇಲಾದವಳನ್ನು ಟೀಚರ್ ಎಂದು ಕರೆದ ಮೊದಲ ಹುಡುಗಿ ನೀನು. ಬೇಡ ಎನ್ನಬೇಕಿತ್ತು, ಎನ್ನುವುದಿಲ್ಲ. ಕೇಳಲು ಚೆನ್ನಾಗಿದೆ.

ಅಜ್ಜನ ಮನೆಯಲ್ಲಿ ನೀನು ಮಾಡಿದ ತಪ್ಪು ಹೆದರಿದ್ದಲ್ಲ, ಬಾಯಿ ತೆರೆದದ್ದು. ನಲವತ್ತು ವರ್ಷ ಮಾತಾಡಿ ಮಾರಿದವಳು ನಾನು. ಮೊದಲು ತಲೆಯ ಮೇಲೆ ಪಾತ್ರೆ ಹೊತ್ತು ಮನೆಮನೆಗೆ, ಆಮೇಲೆ ಸೀರೆ ಅಂಗಡಿಯಲ್ಲಿ. ಡಾಕ್ಟರು ಗಂಟಲು ತೆಗೆದ ಮೇಲೆಯೇ ನನಗೆ ಗೊತ್ತಾದದ್ದು, ಮಾತಿಗಿಂತ ಸುಮ್ಮನಿರುವುದಕ್ಕೆ ಬಲ ಹೆಚ್ಚು ಎಂದು. ನನ್ನನ್ನು ನೋಡಲು ಬಂದವರು ಎರಡು ನಿಮಿಷ ನನ್ನ ಎದುರು ಸುಮ್ಮನೆ ಕೂರಲಾರರು. ಏನಾದರೂ ಹೇಳಿಯೇ ಹೇಳುತ್ತಾರೆ. ಹೇಳಬಾರದ್ದನ್ನೇ ಹೇಳುತ್ತಾರೆ. ಪಕ್ಕದ ಮನೆಯ ಚೆನ್ನಪ್ಪ ತನ್ನ ಹೆಂಡತಿಗೂ ಹೇಳದ ಒಂದು ಸಂಗತಿಯನ್ನು ನನ್ನ ಎದುರು ಹೇಳಿ ಅತ್ತು ಹೋದ. ನಾನು ಕೇಳಿರಲೇ ಇಲ್ಲ.

ಈ ವಾರದ ಪಾಠ ಅದು. ಒಂದೇ ಒಂದು ಪ್ರಶ್ನೆ ಕೇಳು, ಮನೆಯ ಬಗ್ಗೆ, ಮಕ್ಕಳ ಬಗ್ಗೆ, ತವರಿನ ಬಗ್ಗೆ. ಕೇಳಿ ಬಾಯಿ ಮುಚ್ಚು. ಪ್ರತಿ ಮನೆಯಲ್ಲೂ ಒಂದು ಹೆದರಿಕೆ ಇರುತ್ತದೆ. ಅದನ್ನು ನೀನು ಹೆಸರಿಸಿದರೆ ನೀನು ಕೆಟ್ಟವಳು. ಅವರೇ ಹೆಸರಿಸಿದರೆ ನೀನು ಅವರ ಮನೆಯವಳು. ಎಲ್ಲರಿಗೂ ಓದಿ ಹೇಳು.

ಕಾಫಿಪುಡಿ ಬಂತು. ಚಿಕೋರಿ ಇಲ್ಲ. ದೀಪ್ತಿಗೆ ಹೇಳು.

ಮೋಹಿನಿ


ಮಂಜೇಶ್ವರ
2 ಮಾರ್ಚ್ 2025

ಪೂಜ್ಯ ಟೀಚರಿಗೆ ನಮಸ್ಕಾರಗಳು.

ಕಳೆದ ತಿಂಗಳು ನಾನೊಬ್ಬಳೇ ಹದಿನೇಳು ಯಂತ್ರ ಮಾರಿದೆ. ಕೃಷ್ಣಕುಮಾರ್ ಸರ್ ಅಂಗಡಿ ಮುಚ್ಚುವ ಮಾತು ನಿಲ್ಲಿಸಿದ್ದಾರೆ.

ಒಂದು ಮನೆಯ ಬಗ್ಗೆ ನಿಮಗೆ ಬರೆಯಲೇಬೇಕು. ನೀರ್ಚಾಲಿನ ಒಳಗೆ, ಗುಡ್ಡ ಕೊರೆದು ಮಾಡಿದ ಸುರಂಗದ ನೀರು ಕುಡಿಯುವ ಮನೆ. ಅತ್ತೆ, ಸೊಸೆ ಇಬ್ಬರೇ. ಸೊಸೆಯ ಹೆಸರು ಭವ್ಯಶ್ರೀ, ನನಗಿಂತ ಎರಡು ವರ್ಷ ದೊಡ್ಡವಳಿರಬಹುದು. ಗಂಡ ಯತಿನ್ ಶಾರ್ಜಾದಲ್ಲಿ. ನೀರು ಬೆಲ್ಲ ಆಯಿತು. ಅವಳಿಗೆ ಈಗ ಎರಡು ತಿಂಗಳು ಎಂದು ಅತ್ತೆ ಹೇಳಿದರು. ನಾನು ಒಂದೇ ಪ್ರಶ್ನೆ ಕೇಳಿದೆ, ತವರು ಎಲ್ಲಿ ಎಂದು. ಕೇಳಿ ಬಾಯಿ ಮುಚ್ಚಿದೆ.

ತವರು ಗೇರು ತೋಟದ ಬುಡದಲ್ಲಂತೆ. ಗೇರಿಗೆ ಹೆಲಿಕಾಪ್ಟರಿನಿಂದ ಕೀಟನಾಶಕದ ಮದ್ದು ಬಿಡುತ್ತಿದ್ದ ಕಾಲದಲ್ಲಿ ಅವಳ ಅಣ್ಣ ಭವಿತ್ ಹುಟ್ಟಿದ್ದು. ತಲೆ ದೊಡ್ಡದು, ಕಾಲು ನೂಲಿನ ಹಾಗೆ. ಹದಿನೈದು ವರ್ಷ ಮಲಗಿದಲ್ಲೇ ಇದ್ದು ಹೋದನಂತೆ. ಅವನ ಬಾಯಿ ಒರೆಸುವುದು ಇವಳ ಕೆಲಸವಾಗಿತ್ತಂತೆ. ನಾನು ಸುಮ್ಮನೆ ಇದ್ದೆ. ಅವಳೇ ಕೇಳಿದಳು, ಈ ಮನೆಯ ನೀರಿನಲ್ಲೂ ಆ ಮದ್ದು ಇರಬಹುದಾ ಎಂದು.

ಆಗ ಕಡ್ಡಿ ಟೆಸ್ಟ್ ಮಾಡಿ ತೋರಿಸಿದೆ. ಕಂಪೆನಿಯವರು ಈಚೆಗೆ ಕೊಟ್ಟ ಹೊಸ ಸಾಮಾನು ಅದು. ಒಂದು ಗ್ಲಾಸಿನಲ್ಲಿ ಮನೆಯ ನೀರು, ಒಂದರಲ್ಲಿ ನಮ್ಮ ಯಂತ್ರದ ನೀರು. ಎರಡಕ್ಕೂ ಕಬ್ಬಿಣದ ಕಡ್ಡಿ ಇಳಿಸಿ ಕರೆಂಟು ಕೊಡುವುದು. ನಮ್ಮದು ಹಾಗೇ ಇರುತ್ತದೆ. ಮನೆಯ ನೀರು ಕಂದಾಗುತ್ತದೆ, ಮೇಲೆ ಕೆಸರು ತೇಲುತ್ತದೆ. ಭವ್ಯಶ್ರೀ ಆ ಗ್ಲಾಸನ್ನು ನೋಡುತ್ತಾ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಎಲ್ಲಕ್ಕಿಂತ ದೊಡ್ಡ ಮಾಡೆಲ್ ತೆಗೆದುಕೊಂಡರು. ವಿಷ ಎನ್ನುವ ಶಬ್ದ ನನ್ನ ಬಾಯಿಂದ ಬರಲೇ ಇಲ್ಲ ಟೀಚರ್. ಎಲ್ಲ ನಿಮ್ಮ ಪಾಠದ ಹಾಗೆಯೇ.

ನಿಮ್ಮ
ತೃಷಾ


ಅಗಲ್ಪಾಡಿ
7 ಮಾರ್ಚ್ 2025

ತೃಷಾ,

ನಿನ್ನ ಕಾಗದ ಓದಿ ನನಗೆ ಊಟ ಸೇರಲಿಲ್ಲ.

ಆ ಕಡ್ಡಿಯ ಸಂಗತಿ ಚೆನ್ನಪ್ಪನಿಗೆ ಬರೆದು ತೋರಿಸಿದೆ. ಅವನು ಪಂಪು ರಿಪೇರಿಯವನು, ನೀರು ಕರೆಂಟು ಎರಡೂ ತಿಳಿದವನು. ನಕ್ಕ. ಎರಡು ಮೊಳೆ, ಒಂದು ಬ್ಯಾಟರಿ ತಂದು ನನ್ನ ಬಾವಿಯ ನೀರಿಗೆ ಇಳಿಸಿದ. ನಾನು ಹುಟ್ಟಿದಂದಿನಿಂದ ಕುಡಿಯುವ ನೀರು ಹತ್ತು ನಿಮಿಷದಲ್ಲಿ ಕಂದಾಯಿತು. ಅದು ಮೊಳೆಯ ತುಕ್ಕು, ತೃಷಾ. ಯಾವ ಒಳ್ಳೆಯ ನೀರಿಗೆ ಕಬ್ಬಿಣ ಇಳಿಸಿ ಕರೆಂಟು ಕೊಟ್ಟರೂ ಹಾಗೇ ಆಗುತ್ತದಂತೆ. ನಿಮ್ಮ ಯಂತ್ರದ ನೀರಿನಲ್ಲಿ ಉಪ್ಪಿನಂಶ ಉಳಿದಿಲ್ಲ, ಅದಕ್ಕೆ ಕರೆಂಟು ಹರಿಯುವುದಿಲ್ಲ, ಅದಕ್ಕೆ ಕಂದಾಗುವುದಿಲ್ಲ. ಅಷ್ಟೇ.

ನಿನಗೆ ಗೊತ್ತಿತ್ತೋ ಇಲ್ಲವೋ ನಾನು ಕೇಳುವುದಿಲ್ಲ. ಈಗ ಗೊತ್ತಾಯಿತಲ್ಲ. ನಾಳೆಯೇ ನೀರ್ಚಾಲಿಗೆ ಹೋಗು. ಮಾರಿದ್ದು ಮಾರಿಯಾಯಿತು, ಯಂತ್ರ ಅಲ್ಲೇ ಇರಲಿ. ಆದರೆ ಆ ಬಣ್ಣ ಕಡ್ಡಿಯದ್ದು, ನೀರಿನದ್ದಲ್ಲ ಎಂದು ಅವಳಿಗೆ ಹೇಳಿ ಬಾ. ಹೊಟ್ಟೆಯಲ್ಲಿ ಮಗು ಇಟ್ಟುಕೊಂಡವಳನ್ನು ಆ ಹೆದರಿಕೆಯಲ್ಲಿ ಬಿಡಬೇಡ. ಹೆದರಿಕೆ ಹುಡುಕು ಎಂದು ಕಲಿಸಿದವಳು ನಾನು, ಒಪ್ಪುತ್ತೇನೆ. ಸೀರೆ ಮಾರುವವಳ ಬುದ್ಧಿ ಅದು. ಮಗಳ ಮದುವೆಯಲ್ಲಿ ನಾದಿನಿ ನಗುತ್ತಾಳೆ ಎನ್ನುವ ಹೆದರಿಕೆಗೆ ಜನ ರೇಷ್ಮೆ ಕೊಳ್ಳುತ್ತಾರೆ, ಅದರಿಂದ ಯಾರೂ ಸಾಯುವುದಿಲ್ಲ. ಇದು ಬೇರೆ.

ಈ ಕಾಗದವನ್ನೂ ಶನಿವಾರ ಎಲ್ಲರಿಗೂ ಓದು. ಕಡ್ಡಿಯನ್ನು ಇನ್ನು ಯಾರೂ ಮುಟ್ಟಬಾರದು.

ಮೋಹಿನಿ


ಮಂಜೇಶ್ವರ
20 ಮಾರ್ಚ್ 2025

ಪೂಜ್ಯ ಟೀಚರಿಗೆ ನಮಸ್ಕಾರಗಳು.

ಉತ್ತರ ತಡವಾಯಿತು, ಕ್ಷಮಿಸಿ. ಮಾರ್ಚ್ ಅಲ್ಲವೇ, ವರ್ಷದ ಲೆಕ್ಕ ಮುಗಿಯುವ ತಿಂಗಳು, ಓಡಾಟ ಜಾಸ್ತಿ. ನೀರ್ಚಾಲಿಗೆ ಹೋಗಿದ್ದೆ. ಭವ್ಯಶ್ರೀಯ ನೆರೆಕರೆಯಲ್ಲಿ ಇನ್ನೂ ಮೂರು ಮನೆಯವರು ಯಂತ್ರ ಹಾಕಿಸಿದರು, ಅವಳೇ ಹೇಳಿ ಕೊಡಿಸಿದ್ದು. ಅಲ್ಲಿ ನಿಂತು ಆ ವಿಷಯ ಎತ್ತಲು ಆಗಲಿಲ್ಲ. ಏಪ್ರಿಲ್ ಬರಲಿ, ಖಂಡಿತ ಹೇಳುತ್ತೇನೆ.

ಅವಳು ನನಗೆ ದಿನಾ ಫೋನ್ ಮಾಡುತ್ತಾಳೆ. ಸ್ನಾನಕ್ಕೂ ಸುರಂಗದ ನೀರು ಮುಟ್ಟುವುದಿಲ್ಲವಂತೆ. ಮದುವೆಯಾಗಿ ಬಂದ ಮೇಲೆ ಎರಡು ವರ್ಷ ಕುಡಿದ ನೀರು ಮೈಯಲ್ಲಿ ಇದ್ದೇ ಇರುತ್ತದಲ್ಲ ಎಂದು ಕೇಳುತ್ತಾಳೆ. ನಾನು ಸುಮ್ಮನಿರುತ್ತೇನೆ. ಮಗು ಬೇಡ ಎಂದು ಯೋಚನೆ ಮಾಡುತ್ತಿದ್ದಾಳೆ ಎಂದು ಕಾಣುತ್ತದೆ. ಗಂಡ, ನಿನಗೆ ಸರಿ ಕಂಡ ಹಾಗೆ ಮಾಡು ಎಂದಿದ್ದಾನಂತೆ. ಅದು ಅವರ ಮನೆಯ ವಿಷಯ, ನಾನು ಬಾಯಿ ಹಾಕುವುದು ಸರಿಯಲ್ಲ.

ನೀವು ಬೇಸರ ಮಾಡಬೇಡಿ. ನಿಮ್ಮ ಆರೋಗ್ಯ ನೋಡಿಕೊಳ್ಳಿ.

ನಿಮ್ಮ
ತೃಷಾ


ಹೊಸಂಗಡಿ
27 ಮಾರ್ಚ್ 2025

ಮೋಹಿನಿ ಅಕ್ಕನಿಗೆ ನಮಸ್ಕಾರಗಳು.

ನಿಮ್ಮ ಸಿಟ್ಟಿನ ಕಾಗದ ಬಂತು. ಓದಿ ಗಾಬರಿಯಾಯಿತು. ಕಡ್ಡಿ ಟೆಸ್ಟ್ ಮೋಸ ಎಂದು ಈಗ ಬರೆದಿದ್ದೀರಿ. ಆದರೆ ಈ ತಿಂಗಳ ಹದಿನೈದನೇ ತಾರೀಕು ಶನಿವಾರ ನಿಮ್ಮ ಕಾಗದವನ್ನು ತೃಷಾ ಓದಿದಾಗ ಅದನ್ನು ಹೊಗಳಿದ್ದಿರಲ್ಲ? ಕಡ್ಡಿಯನ್ನು ಪ್ರತಿ ಮನೆಯಲ್ಲೂ ಮಾಡಿ, ಮಾತಿಗಿಂತ ಅದಕ್ಕೆ ಬಲ ಹೆಚ್ಚು ಎಂದು ನಾನೇ ಕಿವಿಯಾರೆ ಕೇಳಿದೆ. ಈಗ ಐವರೂ ಅದನ್ನೇ ಮಾಡುತ್ತಿದ್ದಾರೆ. ನಿಮ್ಮ ಮಾತು ಯಾಕೆ ಬದಲಾಯಿತು ಎಂದು ನನಗೆ ತಿಳಿಯಲಿಲ್ಲ.

ಅಂಗಡಿ ಈಗಷ್ಟೇ ತಲೆ ಎತ್ತಿದೆ ಅಕ್ಕ. ನನ್ನ ಸ್ಥಿತಿಯನ್ನೂ ಸ್ವಲ್ಪ ನೋಡಿ. ಆದರೂ ನೀವು ಕೇಳಿದಿರಿ ಎಂದು ಆ ಮನೆಯ ವಿಳಾಸ ಇದರ ಹಿಂದೆ ಬರೆದಿದ್ದೇನೆ. ನೀವೇ ಹೋಗಿ ಸಮಾಧಾನ ಮಾಡುವುದಾದರೆ ಭಾನುವಾರ ತೃಷಾ ಅಗಲ್ಪಾಡಿಗೆ ಬಂದು ಆಟೋದಲ್ಲಿ ಕರೆದುಕೊಂಡು ಹೋಗುತ್ತಾಳೆ. ಅವಳೇ ಮುಂದೆ ಬಂದು ಹೇಳಿದಳು.

ದೀಪ್ತಿ


ಅಗಲ್ಪಾಡಿ
1 ಏಪ್ರಿಲ್ 2025

ದೀಪ್ತಿ,

ನಿನ್ನ ಕಾಗದ ಓದಿದಾಗ ನಿನ್ನ ಕಿವಿಯಲ್ಲಿ ದೋಷ ಎಂದುಕೊಂಡೆ. ದೋಷ ಎಲ್ಲಿ ಎಂದು ಭಾನುವಾರ ಗೊತ್ತಾಯಿತು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮನೆಯಿಂದಲೇ ಒಂದು ಚೀಟಿ ಬರೆದುಕೊಂಡು ಹೋಗಿದ್ದೆ. ನಾಲ್ಕೇ ಸಾಲು, ತುಳುವಿನಲ್ಲಿ. ನಿಮ್ಮ ನೀರಿನಲ್ಲಿ ವಿಷ ಇಲ್ಲ. ಕಂದು ಬಣ್ಣ ಕಬ್ಬಿಣದ ಕಡ್ಡಿಯದ್ದು. ನಿನ್ನ ಮಗುವಿಗೆ ಇದರಿಂದ ಏನೂ ಆಗಿಲ್ಲ. ಹೆದರಬೇಡ. ಹೋದ ಕೂಡಲೇ ಅತ್ತೆ ನೀರು ಬೆಲ್ಲ ತಂದಿಟ್ಟರು. ನಾನು ಮುಟ್ಟಲಿಲ್ಲ. ಚೀಟಿಯನ್ನು ನೇರ ಭವ್ಯಶ್ರೀಯ ಕೈಗೆ ಕೊಟ್ಟೆ. ಅವಳು ತಿರುಗಿಸಿ ಮುರುಗಿಸಿ ನೋಡಿದಳು. ಅವಳು ಕಲಿತದ್ದು ಮಲಯಾಳ ಶಾಲೆಯಲ್ಲಿ. ಅತ್ತೆಗೆ ಯಾವ ಅಕ್ಷರವೂ ಇಲ್ಲ. ತುಳು ಆಡಿದರೆ ಇಬ್ಬರಿಗೂ ತಿಳಿಯುತ್ತದೆ, ಆಡಲು ನನಗೆ ಗಂಟಲಿಲ್ಲ. ನಾನು ಬರೆಯುವುದು ಕನ್ನಡದ ಅಕ್ಷರ, ಅದು ಅವರಿಗೆ ಬಾರದು. ಈ ಊರಲ್ಲಿ ಅರುವತ್ತೊಂದು ವರ್ಷ ಬದುಕಿ ಇಷ್ಟೂ ನನಗೆ ಮೊದಲೇ ತೋಚಲಿಲ್ಲ. ಎಲ್ಲರ ಮನೆಯ ಒಳಗೆ ನುಗ್ಗಲು ಕಲಿಸುವವಳು ನಾನು.

ಭವ್ಯಶ್ರೀ ಚೀಟಿಯನ್ನು ತೃಷಾಳ ಕೈಗೆ ಕೊಟ್ಟಳು. ತೃಷಾ ಅದನ್ನು ನೋಡಿಕೊಂಡೇ, ಒಂದು ಕಡೆಯೂ ತಡವರಿಸದೆ ಓದಿದಳು. "ಮಗಾ, ಹೆದರಬೇಡ. ನೀರಿನ ವಿಷಯದಲ್ಲಿ ಉದಾಸೀನ ಮಾಡಬೇಡ. ಕುಡಿಯಲಿಕ್ಕೆ ಮಾತ್ರ ಅಲ್ಲ, ಅಡಿಗೆಗೂ ಯಂತ್ರದ್ದೇ ನೀರು ಆಗಬೇಕು. ನಿನ್ನ ಮನಸ್ಸಿಗೆ ಎಂತ ಕಾಣ್ತದೋ ಹಾಗೆ ಮಾಡು, ದೇವರು ಇನ್ನೊಂದು ಕೊಡ್ತಾನೆ."

ನಾನು ಎದ್ದು ನಿಂತೆ. ಎರಡೂ ಕೈ ಆಡಿಸಿದೆ, ಅಲ್ಲ ಎಂದು ತಲೆ ಆಡಿಸಿದೆ, ಚೀಟಿಯನ್ನು ಅವಳ ಕೈಯಿಂದ ಕಿತ್ತುಕೊಂಡೆ. ಕುತ್ತಿಗೆಯ ತೂತಿನಿಂದ ಗಾಳಿ ಮಾತ್ರ ಬಂತು. ತೃಷಾ ನನ್ನ ಬೆನ್ನು ಸವರಿ ಅವರಿಗೆ ಹೇಳಿದಳು, "ಟೀಚರಿಗೆ ನಿಮ್ಮ ಕಥೆ ಕೇಳಿ ತಡೆಯಲಿಕ್ಕೆ ಆಗ್ತಾ ಇಲ್ಲ. ಅವರಿಗೆ ಮಕ್ಕಳಿಲ್ಲ." ಭವ್ಯಶ್ರೀ ಎದ್ದು ಬಂದು ನನ್ನ ಕಣ್ಣು ಒರೆಸಿದಳು.

ಆಟೋದಲ್ಲಿ ಬರುವಾಗ ತೃಷಾ ನನ್ನ ಮುಖ ನೋಡಿ, ನಾನು ಸುಳ್ಳು ಹೇಳಲಿಲ್ಲ ಟೀಚರ್, ಹೆದರಬೇಡ ಎಂದು ನೀವೇ ಬರೆದಿದ್ದಿರಲ್ಲ ಎಂದಳು. ಸಿಟ್ಟಿರಲಿಲ್ಲ, ನಾಚಿಕೆಯೂ ಇರಲಿಲ್ಲ. ನನಗೆ ಆ ಹುಡುಗಿಯ ಹೆದರಿಕೆಯಾಗಿದೆ ದೀಪ್ತಿ.

ಇನ್ನೊಬ್ಬರನ್ನು ಕರೆದುಕೊಂಡು ಹೋಗಿ ಮಾತಾಡಿಸೋಣ ಎಂದರೆ, ಅವಳ ಹೊಟ್ಟೆಯ ಸುದ್ದಿಯನ್ನು ಊರಿನವರ ಬಾಯಿಗೆ ಹಾಕಲು ನನಗೆ ಮನಸ್ಸಿಲ್ಲ. ಚೆನ್ನಪ್ಪನ ಮೊಳೆ ಬ್ಯಾಟರಿ ಒಯ್ದು ತೋರಿಸಿದರೂ ನೀರು ಕಂದೇ ಆಗುತ್ತದೆ, ಅವಳು ಇನ್ನೂ ಹೆದರುತ್ತಾಳೆ. ನಿನಗೆ ತುಳು ಬರುತ್ತದೆ, ಗಂಟಲಿದೆ, ಅವಳ ನಂಬರಿದೆ. ಒಂದು ಫೋನ್ ಮಾಡು. ಕೈಮುಗಿದು ಕೇಳುತ್ತೇನೆ.

ಮೋಹಿನಿ


ಮಂಜೇಶ್ವರ
5 ಏಪ್ರಿಲ್ 2025

ಪೂಜ್ಯ ಟೀಚರಿಗೆ ನಮಸ್ಕಾರಗಳು.

ದೀಪ್ತಿ ಮೇಡಂ ನಿಮ್ಮ ಕಾಗದ ನನಗೆ ತೋರಿಸಿದರು. ಬಿಸು ಕಳೆಯಲಿ, ಆಮೇಲೆ ನೋಡೋಣ ಎಂದರು.

ನಿಮಗೆ ನನ್ನ ಮೇಲೆ ಕೋಪ ಬಂದಿದೆ. ಬಂದರೂ ನೀವು ನನ್ನ ಟೀಚರೇ. ನನಗೆ ಮೊದಲು ಯಾರೂ ಏನನ್ನೂ ಕಲಿಸಿರಲಿಲ್ಲ. ನಾನು ಹೋಗಿ ಕಡ್ಡಿ ಸುಳ್ಳು ಎಂದರೆ ಭವ್ಯಶ್ರೀ ನೆರೆಕರೆಗೆ ಹೇಳುತ್ತಾಳೆ, ಅವರು ಇನ್ನೊಬ್ಬರಿಗೆ ಹೇಳುತ್ತಾರೆ. ಐದು ಮನೆಯ ಅನ್ನ ಹೋಗುತ್ತದೆ. ಅಮ್ಮನ ಬೆರಳು ಈಗ ಮಡಚುವುದಿಲ್ಲ ಟೀಚರ್, ಬೀಡಿ ಕಟ್ಟಲು ನಾನೊಬ್ಬಳೇ ಉಳಿಯುವುದು.

ಕೃಷ್ಣಕುಮಾರ್ ಸರ್ ಮೇ ತಿಂಗಳಿನಿಂದ ಕಾಸರಗೋಡಿನಲ್ಲಿ ಇನ್ನೊಂದು ಅಂಗಡಿ ಮಾಡುತ್ತಾರೆ. ಅಲ್ಲಿನ ಹನ್ನೆರಡು ಜನರಿಗೆ ನಾನೇ ತರಬೇತಿ ಕೊಡಬೇಕಂತೆ. ನಿಮ್ಮ ಕಾಗದಗಳನ್ನೆಲ್ಲ ಫೈಲ್ ಮಾಡಿ ಇಟ್ಟಿದ್ದೇನೆ.

ಭವ್ಯಶ್ರೀ ಸ್ಕ್ಯಾನ್ ಮಾಡಿಸಿದಳು. ಎಲ್ಲ ಸರಿ ಇದೆ ಎಂದರಂತೆ. ಆದರೆ ಮೂರು ನಾಲ್ಕು ತಿಂಗಳಿನಲ್ಲಿ ಎಲ್ಲ ಕಾಣುವುದಿಲ್ಲ ಎಂದು ಅವಳಿಗೆ ಅನುಮಾನ. ಬಿಸು ಕಳೆದು ಹದಿನಾರನೇ ತಾರೀಕಿಗೆ ಮಂಗಳೂರಿನ ಆಸ್ಪತ್ರೆಯಲ್ಲಿ ತೆಗೆಸಲು ದಿನ ಗೊತ್ತು ಮಾಡಿಕೊಂಡಿದ್ದಾರೆ. ಅತ್ತೆಗೆ ಮೈ ಹುಷಾರಿಲ್ಲ, ಜೊತೆಗೆ ನೀನು ಬರುತ್ತೀಯಾ ಎಂದು ನನ್ನನ್ನು ಕೇಳಿದ್ದಾಳೆ.

ನಿಮ್ಮ
ತೃಷಾ


ಅಗಲ್ಪಾಡಿ
11 ಏಪ್ರಿಲ್ 2025

ಮಗಳೇ ಭವ್ಯಶ್ರೀ,

ಅಂದು ನಿನ್ನ ಮನೆಗೆ ಬಂದು ಅತ್ತ ಮುದುಕಿ ನಾನು. ಮಲಯಾಳದ ಅಕ್ಷರ ಕಲಿಯಲು ಶುರು ಮಾಡಿ ಹತ್ತು ದಿನ. ಅಂಗನವಾಡಿಯ ಅಮ್ಮು ಟೀಚರ್ ಹತ್ತಿರ, ಬಸ್ಸಿನ ಬೋರ್ಡು ಓದಲು ಎಂದು ಸುಳ್ಳು ಬರೆದು ತೋರಿಸಿ ಕಲಿತೆ. ಭಾಷೆ ತುಳು, ಅಕ್ಷರ ನಿನ್ನ ಶಾಲೆಯದ್ದು. ತಪ್ಪಿದ್ದಲ್ಲಿ ಕೂಡಿಸಿ ಓದು. ಬೇರೆ ಯಾರ ಕೈಯಲ್ಲೂ ಓದಿಸಬೇಡ.

ಅಂದಿನ ನನ್ನ ಚೀಟಿಯಲ್ಲಿ ಇದ್ದದ್ದು ಬೇರೆ, ನಿನಗೆ ಓದಿ ಹೇಳಿದ್ದು ಬೇರೆ. ನಾನು ಬರೆದದ್ದು ಇದು. ನಿಮ್ಮ ಸುರಂಗದ ನೀರನ್ನು ಕಂದು ಮಾಡಿದ್ದು ಕಬ್ಬಿಣದ ಕಡ್ಡಿಯ ತುಕ್ಕು. ನನ್ನ ಬಾವಿಯ ನೀರೂ ಹಾಗೇ ಆಯಿತು. ನಿನಗೆ ಇನ್ನೂ ಅನುಮಾನವಿದ್ದರೆ ಸರಕಾರದ ಲ್ಯಾಬಿಗೆ ಒಂದು ಬಾಟಲಿ ನೀರು ಕೊಡು, ಕಾಗದದಲ್ಲಿ ಬರೆದು ಕೊಡುತ್ತಾರೆ. ಅದು ಬರುವ ತನಕ ಹದಿನಾರನೇ ತಾರೀಕನ್ನು ಮುಂದೆ ಹಾಕು. ನಾನು ನಿನ್ನ ಹತ್ತಿರ ಬೇಡುವುದು ಅಷ್ಟೇ.

ಆ ಹುಡುಗಿಗೆ ಮಾರಲು ಕಲಿಸಿದವಳು ನಾನು. ತವರು ಎಲ್ಲಿ ಎಂದು ಕೇಳಿ ಸುಮ್ಮನಿರು ಎಂದು ಬರೆದದ್ದು ನಾನು. ಅವಳು ಸುಮ್ಮನಿದ್ದಾಗ ನಿನಗೆ ನಿನ್ನ ಅಣ್ಣ ನೆನಪಾದ. ಅದು ನನ್ನ ತಪ್ಪು. ನಿನ್ನ ಮಗುವಿನ ತಪ್ಪಲ್ಲ, ನೀರಿನ ತಪ್ಪಲ್ಲ. ನಿನ್ನ ಮಗು ಚೆನ್ನಾಗಿದೆ. ಹೆದರಬೇಡ ಮಗಳೇ.

ಮೋಹಿನಿ


ಅಗಲ್ಪಾಡಿ
17 ಏಪ್ರಿಲ್ 2025

ದೀಪ್ತಿ,

ನನ್ನ ಒಂದನೇ ತಾರೀಕಿನ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಬೇಡ, ಇನ್ನು ಬರೆಯಬೇಡ.

ಭವ್ಯಶ್ರೀಯ ಕಾಗದ ಇವತ್ತಿನ ಅಂಚೆಯಲ್ಲಿ ಬಂತು. ಅದೂ ಮಲಯಾಳದ ಅಕ್ಷರದಲ್ಲಿ, ತುಳುವಿನಲ್ಲಿ. ನಾನು ಹೊಸದಾಗಿ ಕಲಿತವಳು, ಒಂದೊಂದೇ ಅಕ್ಷರ ಬೆರಳಿಟ್ಟು ಕೂಡಿಸಬೇಕು. ಮೊದಲ ಸಾಲಿನಲ್ಲಿ "ಸಂತೋಷ" ಎನ್ನುವ ಶಬ್ದ ಸಿಕ್ಕಿತು. ಮುಂದೆ ಓದದೆ ಎದ್ದು ಹೋಗಿ ಕಾಫಿ ಮಾಡಿಕೊಂಡೆ, ಅಷ್ಟು ನೆಮ್ಮದಿಯಾಯಿತು. ಉಳಿದದ್ದನ್ನು ಕೂಡಿಸಲು ಮೂರು ಗಂಟೆ ಹಿಡಿಯಿತು.

ಕೆಳಗೆ ಕನ್ನಡದಲ್ಲಿ ಬರೆದಿದ್ದೇನೆ. ಈ ಶನಿವಾರದ ಪಾಠ ಇದು. ತೃಷಾಳ ಕೈಗೆ ಕೊಡಬೇಡ. ನೀನೇ ಓದು. ಬ್ಯಾಂಕಿನ ನೋಟಿಸಿನ ಹಾಗೆ ಕೇಳಿದರೂ ಅಡ್ಡಿಯಿಲ್ಲ, ಇದ್ದದ್ದನ್ನು ಇದ್ದ ಹಾಗೆ ಓದು.

ಮೋಹಿನಿ


ನೀರ್ಚಾಲು
15 ಏಪ್ರಿಲ್ 2025

ಮೋಹಿನಿ ಟೀಚರಿಗೆ ಭವ್ಯಶ್ರೀ ಬರೆಯುವುದು.

ನಿಮ್ಮ ಕಾಗದ ಕಂಡು ತುಂಬ ಸಂತೋಷವಾಯಿತು. ನನಗಾಗಿ ಈ ವಯಸ್ಸಿನಲ್ಲಿ ಅಕ್ಷರ ಕಲಿತಿರಿ ಎಂದು ಅತ್ತೆಗೆ ಹೇಳಿದಾಗ ಅವರೂ ಅತ್ತರು.

ನೀವು ಬರೆಯುತ್ತೀರಿ ಎಂದು ತೃಷಾ ಮೊದಲೇ ಹೇಳಿದ್ದಳು. ಟೀಚರದು ತುಂಬ ಮೆದು ಮನಸ್ಸು, ನಿನ್ನ ಸಂಕಟ ನೋಡಲಾರದೆ ನೀರಿನಲ್ಲಿ ಏನೂ ಇಲ್ಲ ಎಂದು ಬರೆದಾರು, ತಪ್ಪೆಲ್ಲ ತನ್ನ ಮೇಲೆ ಹಾಕಿಕೊಂಡಾರು ಎಂದು. ಹಾಗೆಯೇ ಬರೆದಿದ್ದೀರಿ. ನನಗೆ ಬೇಸರವಿಲ್ಲ. ನನ್ನ ಅಣ್ಣ ಹೊಟ್ಟೆಯಲ್ಲಿದ್ದಾಗ ಅಮ್ಮನಿಗೂ ಎಲ್ಲರೂ ಇದನ್ನೇ ಹೇಳಿದ್ದರಂತೆ. ಜೀಪಿನಲ್ಲಿ ಬಂದ ಸರಕಾರದವರು ಹೇಳಿದರಂತೆ, ನೆರೆಕರೆಯವರು ಹೇಳಿದರಂತೆ. ನೀರಿನಲ್ಲಿ ಏನೂ ಇಲ್ಲ, ಹೆದರಬೇಡ, ಮಗು ಚೆನ್ನಾಗಿದೆ. ಅಮ್ಮ ನಂಬಿದರು. ಅಣ್ಣ ಹೋಗುವ ತನಕ ಅವನ ಬಾಯಿ ಒರೆಸಿದವಳು ನಾನು. ಇನ್ನೊಂದು ಬಾಯಿಯನ್ನು ಹಾಗೆ ಒರೆಸುವ ಶಕ್ತಿ ನನಗಿಲ್ಲ ಟೀಚರ್.

ನಾಳೆ ಬೆಳಿಗ್ಗೆ ಹೊರಡುತ್ತೇವೆ. ತೃಷಾ ರಜೆ ಹಾಕಿ ಬರುತ್ತಿದ್ದಾಳೆ. ಅಲ್ಲಿ ಕುಡಿಯಲು ಮನೆಯಿಂದಲೇ ಯಂತ್ರದ ನೀರು ಎರಡು ಬಾಟಲಿ ತುಂಬಿಸಿ ಇಟ್ಟಿದ್ದೇನೆ. ಯಂತ್ರ ಒಂದು ವರ್ಷ ಓಡಲಿ, ಮೈ ಎಲ್ಲ ಶುದ್ಧವಾಗಲಿ, ಆಮೇಲೆ ಇನ್ನೊಂದಕ್ಕೆ ಯೋಚನೆ ಮಾಡು ಎಂದು ಅವಳು ಹೇಳಿದ್ದಾಳೆ. ಆ ಮಗುವನ್ನು ನೋಡಲು ನೀವು ಖಂಡಿತ ಬರಬೇಕು.

ನಿಮ್ಮ ಮಗಳು
ಭವ್ಯಶ್ರೀ